ಲವಾಸಿಯೆಯ ತಕ್ಕಡಿಯೂ ಬೀದರಿನ ಮಣ್ಣೂ

ಬೀದರಿನ ಚೌಬಾರಾದಿಂದ ಕೋಟೆಯತ್ತ ಸಾಗುವ ರಸ್ತೆಯ ಪಕ್ಕದಲ್ಲಿ, ಪಾರಸೀಕ ಶೈಲಿಯ ನೀಲಿ ಹಸುರು ಹೆಂಚಿನ ಚೂರುಗಳನ್ನು ಇನ್ನೂ ಮೈಮೇಲೆ ಉಳಿಸಿಕೊಂಡು ನಿಂತಿರುವ ಮಹಮೂದ್ ಗವಾನನ ಮದರಸೆಯನ್ನು ಮೊದಲ ಸಲ ನೋಡಿದವರು ಕೇಳುವ ಪ್ರಶ್ನೆ ಬಹುಮಟ್ಟಿಗೆ ಒಂದೇ: ಎರಡು ಮೀನಾರುಗಳಿರಬೇಕಾದ ಮುಂಭಾಗದಲ್ಲಿ ಒಂದು ಮಾತ್ರ ಏಕೆ ಉಳಿಯಿತು? ಸುಮಾರು 1472ರಲ್ಲಿ ಬಹಮನಿ ರಾಜ್ಯದ ಆ ಮಹಾಮಂತ್ರಿಯು ವಿದ್ಯೆಗಾಗಿ ಕಟ್ಟಿಸಿದ ಮಂದಿರವು ಮುಂದೆ ಮೊಗಲರ ಕಾಲದಲ್ಲಿ ಸೈನಿಕರ ವಸತಿಯೂ ಮದ್ದಿನ ಉಗ್ರಾಣವೂ ಆಗಿ ಮಾರ್ಪಟ್ಟು, 1696ರ ಸುಮಾರಿಗೆ ಸಿಡಿಲೆರಗಿದಾಗ ಒಳಗಿದ್ದ ಮದ್ದು ಹೊತ್ತಿ ಕಟ್ಟಡದ ಮುಂಭಾಗವು ಬಹುಪಾಲು ಹಾರಿಹೋಯಿತೆಂಬುದು ಅದಕ್ಕೆ ಉತ್ತರ. ಇದೇ ಗವಾನನು ಬೆಳಗಾವಿಯ ಕೋಟೆಗೆ ಮುತ್ತಿಗೆ ಹಾಕಿದಾಗ ಗೋಡೆಯ ಬುಡದಲ್ಲಿ ಸುರಂಗ ತೋಡಿಸಿ ಮದ್ದು ತುಂಬಿ ಸಿಡಿಸಿದನೆಂದು ಇತಿಹಾಸಕಾರ ಫಿರಿಸ್ತಾ ಬರೆದಿರುವುದನ್ನು ಬಲ್ಲವರಿಗೆ ವಿಧಿಯ ವಿನೋದವು ಇನ್ನಷ್ಟು ಕಟುವಾಗಿ ತೋರುತ್ತದೆ. 1657ರಲ್ಲಿ ಔರಂಗಜೇಬನು ಬೀದರಿಗೆ ಮುತ್ತಿಗೆ ಹಾಕಿದಾಗಲೂ ಕೋಟೆಯ ರಕ್ಷಕನಾಗಿದ್ದ ವೃದ್ಧ ಸಿದ್ದಿ ಮರ್ಜಾನನನ್ನು ಸೋಲಿಸಿದ್ದು ಶತ್ರುವಿನ ಕತ್ತಿಯಲ್ಲ. ತನ್ನದೇ ಮದ್ದಿನ ರಾಶಿಗೆ ತಗುಲಿದ ಕಿಡಿಯಿಂದ ಅವನೂ ಅವನ ಮಕ್ಕಳೂ ಸುಟ್ಟು ಬೆಂದರು, ಕೋಟೆ ಕೈಬಿಟ್ಟಿತು.

ಈ ಮದ್ದಿನಲ್ಲಿ ಸುಮಾರು ಮುಕ್ಕಾಲು ಪಾಲು ಪೆಟ್ಲುಪ್ಪು, ನಮ್ಮ ಕಡೆಯವರ ಮಾತಿನಲ್ಲಿ ಶೋರಾ; ಉಳಿದದ್ದು ಗಂಧಕ ಮತ್ತು ಇದ್ದಿಲು. ಗಾಳಿಯಾಡದಂತೆ ಮುಚ್ಚಿಟ್ಟ ಒಲೆ ನಂದಿಹೋಗುವುದನ್ನು ಎಲ್ಲರೂ ಬಲ್ಲರು. ಹಾಗಿರುವಾಗ ಸುರಂಗದಲ್ಲಿಯೂ ತೋಪಿನ ಗರ್ಭದಲ್ಲಿಯೂ ಬಿಗಿಯಾಗಿ ಗಿಡಿದ ಮದ್ದು ಗಾಳಿಯ ಸಂಪರ್ಕವೇ ಇಲ್ಲದೆ ಅಷ್ಟು ಉಗ್ರವಾಗಿ ಉರಿಯುವುದು ಹೇಗೆಂಬ ಪ್ರಶ್ನೆಗೆ ಗವಾನನ ಬಳಿಯಾಗಲಿ ಔರಂಗಜೇಬನ ಬಳಿಯಾಗಲಿ ಉತ್ತರವಿರಲಿಲ್ಲ. ಲೋಕದಲ್ಲಿ ಯಾರ ಬಳಿಯಲ್ಲಿಯೂ ಖಚಿತವಾದ ಉತ್ತರ ಇರಲಿಲ್ಲ. ಉರಿಯಲು ಬೇಕಾದ ವಾಯುವು ಪೆಟ್ಲುಪ್ಪಿನ ಒಳಗೇ ಬಂಧಿತವಾಗಿದೆ, ಮದ್ದು ತನ್ನ ಗಾಳಿಯನ್ನು ತಾನೇ ಹೊತ್ತುಕೊಂಡಿರುತ್ತದೆ ಎಂಬ ಉತ್ತರವು ಸ್ಪಷ್ಟವಾಗುವುದಕ್ಕೆ, ಮದರಸೆ ಸಿಡಿದು ಎಂಬತ್ತು ವರ್ಷಗಳಾದ ಮೇಲೆ, ಪ್ಯಾರಿಸ್ ನಗರದ ಆಯುಧಾಗಾರದಲ್ಲಿ ಒಬ್ಬ ಸರ್ಕಾರಿ ಅಧಿಕಾರಿಯು ತಕ್ಕಡಿ ಹಿಡಿದು ಕೂರಬೇಕಾಯಿತು. ಆತನೇ ಆಂತ್ವಾನ್ ಲೋರಾನ್ ಲವಾಸಿಯೆ.

ಆತನು ಹುಟ್ಟಿದ್ದು 1743ರ ಆಗಸ್ಟ್ 26ರಂದು, ಪ್ಯಾರಿಸ್ಸಿನ ಅನುಕೂಲಸ್ಥ ವಕೀಲರ ಮನೆಯಲ್ಲಿ. ಬಾಲ್ಯದಲ್ಲೇ ತಾಯಿ ತೀರಿಕೊಂಡಳು. ತಂದೆಯ ಇಚ್ಛೆಯಂತೆ ನ್ಯಾಯಶಾಸ್ತ್ರದ ಪದವಿ ಪಡೆದನು. ಮನಸ್ಸು ಮಾತ್ರ ರೂಯೆಲ್ ಎಂಬ ರಸಾಯನ ಪಂಡಿತನ ಉಪನ್ಯಾಸಗಳಲ್ಲಿ ನೆಟ್ಟಿತ್ತು. ಇಪ್ಪತ್ತೈದು ತುಂಬುವ ಮೊದಲೇ ಫ್ರಾನ್ಸಿನ ರಾಯಲ್ ವಿಜ್ಞಾನ ಪರಿಷತ್ತು ಆತನನ್ನು ಸೇರಿಸಿಕೊಂಡಿತು. ಅದೇ 1768ರಲ್ಲಿ ಆತನು ಕೈಗೊಂಡ ಮತ್ತೊಂದು ಉದ್ಯೋಗವಿದೆ. ನನ್ನ ದೃಷ್ಟಿಯಲ್ಲಿ ಆತನ ರಸಾಯನಶಾಸ್ತ್ರಕ್ಕೂ ಆತನ ಮರಣಕ್ಕೂ ಬೀಗದ ಕೈ ಇರುವುದು ಅಲ್ಲಿಯೇ. ತಾಯಿಯ ಕಡೆಯಿಂದ ಬಂದ ಹಣವನ್ನು ತೊಡಗಿಸಿ ಆತನು ರಾಜನ ಕಂದಾಯವನ್ನು ಗುತ್ತಿಗೆ ಹಿಡಿಯುವ ಮಂಡಲಿಯಲ್ಲಿ ಪಾಲುದಾರನಾದನು.

ಅನ್ಯ ಪ್ರಾಂತಗಳ ಓದುಗರಿಗೆ ಈ ಸಂಸ್ಥೆಯನ್ನು ವಿವರಿಸಿ ಹೇಳಬೇಕಾದೀತು. ಬೀದರ, ಭಾಲ್ಕಿ, ಔರಾದಿನವರಿಗೆ ಬೇಕಿಲ್ಲ. ಇಂತಿಷ್ಟು ಮೊತ್ತವನ್ನು ದೊರೆಗೆ ಮುಂಗಡವಾಗಿ ಕಟ್ಟುವುದು, ಬಳಿಕ ಪ್ರಜೆಗಳಿಂದ ವಸೂಲು ಮಾಡಿಕೊಳ್ಳುವುದು, ನಡುವಿನ ಅಂತರವನ್ನು ತನ್ನ ಪಾಲಾಗಿ ಇಟ್ಟುಕೊಳ್ಳುವುದು: 1853ರಲ್ಲಿ ದಿವಾನಗಿರಿಗೆ ಬಂದ ಮೊದಲನೆಯ ಸಾಲಾರಜಂಗನು ಕಂದಾಯದ ಸುಧಾರಣೆಗೆ ಕೈಹಾಕುವ ತನಕ ನಿಜಾಮರಾಜ್ಯದ ಭೂಕಂದಾಯ ನಡೆದದ್ದು ಇದೇ ಕ್ರಮದಲ್ಲಿ. ಸೇಂದಿ ಸಾರಾಯಿಗಳ ಗುತ್ತಿಗೆ ಆಮೇಲೆಯೂ ಬಹುಕಾಲ ನಡೆಯಿತು. ಗುತ್ತೇದಾರರೆಂಬ ಮನೆತನದ ಹೆಸರು ನಮ್ಮ ಊರೂರುಗಳಲ್ಲಿ ಇಂದಿಗೂ ಕೇಳಿಬರುತ್ತದೆ. ಲವಾಸಿಯೆಯ ಮಂಡಲಿ ವಸೂಲು ಮಾಡುತ್ತಿದ್ದುದು ಮುಖ್ಯವಾಗಿ ಉಪ್ಪಿನ ತೆರಿಗೆ, ಹೊಗೆಸೊಪ್ಪಿನ ತೆರಿಗೆ ಮತ್ತು ಪ್ಯಾರಿಸ್ಸಿಗೆ ಬರುವ ಸರಕುಗಳ ಸುಂಕ. ಕಳ್ಳಸಾಗಣೆಯಿಂದ ಸುಂಕ ಸೋರಿಹೋಗುತ್ತಿರುವುದನ್ನು ಲೆಕ್ಕಹಾಕಿ, ನಗರದ ಸುತ್ತ ಗೋಡೆಯೊಂದನ್ನು ಕಟ್ಟಬೇಕೆಂದು ಸಲಹೆ ಮಾಡಿದವನೂ ಆತನೇ. ಕಟ್ಟಿದ ಮೇಲೆ ನಗರದ ಜನ ಆ ಗೋಡೆಯನ್ನೂ ಸಲಹೆಗಾರನನ್ನೂ ಏಕಪ್ರಕಾರವಾಗಿ ದ್ವೇಷಿಸಿದರು. ಒಳಬಂದದ್ದೆಷ್ಟು, ಹೊರಹೋದದ್ದೆಷ್ಟು, ನಡುವೆ ಕಾಣೆಯಾದದ್ದು ಎಲ್ಲಿಗೆ ಹೋಯಿತು ಎಂಬ ಸುಂಕದವನ ಪ್ರಶ್ನೆಯನ್ನೇ ಈ ಮನುಷ್ಯನು ಪ್ರಯೋಗಶಾಲೆಗೂ ಒಯ್ದನು. ಆತನ ಪೂರ್ವದ ರಸಾಯನಜ್ಞರಲ್ಲಿ ಕೈಚಳಕ ಉಳ್ಳವರೂ ಕಲ್ಪನಾಶಕ್ತಿ ಉಳ್ಳವರೂ ಅನೇಕರಿದ್ದರು. ಎಲ್ಲ ಪ್ರಯೋಗದಲ್ಲಿಯೂ ಜಮೆಖರ್ಚನ್ನು ಹೊಂದಿಸಿಯೇ ತೀರಬೇಕೆಂಬ ಹಟ ಉಳ್ಳವರು ವಿರಳ.

ಉದಾಹರಣೆಗೆ, ನೀರನ್ನು ಬಹುಕಾಲ ಕಾಯಿಸಿದರೆ ಅದು ಅಂಶತಃ ಮಣ್ಣಾಗುತ್ತದೆಂಬ ನಂಬಿಕೆ ಆ ಕಾಲದಲ್ಲಿ ಪ್ರಬಲವಾಗಿತ್ತು; ಕಾಯಿಸಿದ ಪಾತ್ರೆಯ ತಳದಲ್ಲಿ ಮಣ್ಣಿನಂಥ ಕಸ ನಿಲ್ಲುತ್ತಿದ್ದುದು ಸಾಕ್ಷಿ. ಲವಾಸಿಯೆಯು ಗಾಜಿನ ಪಾತ್ರೆಯನ್ನು ತೂಗಿದನು, ನೀರನ್ನು ತೂಗಿದನು, ಬಾಯಿ ಮುಚ್ಚಿ 101 ದಿನ ಕಾಯಿಸಿದನು, ಮತ್ತೆ ತೂಗಿದನು. ಒಟ್ಟು ತೂಕ ಬದಲಾಗಿರಲಿಲ್ಲ. ಪಾತ್ರೆ ಮಾತ್ರ ಹಗುರವಾಗಿತ್ತು. ಮಣ್ಣು ಬಂದದ್ದು ಗಾಜು ಸವೆದು.

1775ರಲ್ಲಿ ಅರ್ಥಸಚಿವ ಟ್ಯುರ್ಗೋ ಮದ್ದಿನ ತಯಾರಿಕೆಯನ್ನು ಖಾಸಗಿಯವರಿಂದ ಕಿತ್ತು ಸರ್ಕಾರದ ವಶಕ್ಕೆ ತೆಗೆದುಕೊಂಡಾಗ ಅದರ ಆಡಳಿತಗಾರರಲ್ಲಿ ಲವಾಸಿಯೆಯೂ ಒಬ್ಬನಾದನು. ಫ್ರಾನ್ಸಿನ ಈ ಚಿಂತೆಗೆ ಹಿಂದೂಸ್ಥಾನವೂ ಒಂದು ಕಾರಣ. ಲೋಕದ ಅತ್ಯುತ್ತಮ ಪೆಟ್ಲುಪ್ಪು ಬಿಹಾರದ ನೆಲದಲ್ಲಿ ದೊರೆಯುತ್ತಿದ್ದು, 1757ರ ಪ್ಲಾಸಿ ಕದನದ ತರುವಾಯ ಅದು ಇಂಗ್ಲಿಷ್ ಕಂಪನಿಯ ಮುಷ್ಟಿಗೆ ಸೇರಿದುದರಿಂದ, ಫ್ರೆಂಚರು ತಮ್ಮ ನೆಲಮಾಳಿಗೆ, ಕೊಟ್ಟಿಗೆ, ಹಳೆಯ ಗೋಡೆಗಳನ್ನು ಕೆರೆದು ಆ ಉಪ್ಪನ್ನು ಸಂಪಾದಿಸಬೇಕಾಗಿತ್ತು. ಪೆಟ್ಲುಪ್ಪಿನವರಿಗೆ ಯಾರ ಮನೆಗಾದರೂ ನುಗ್ಗಿ ನೆಲ ಅಗೆಯುವ ಅಧಿಕಾರವಿತ್ತು. ಅಗೆಯದೆ ಬಿಡಲು ಲಂಚ ಕೇಳುವ ರೂಢಿಯೂ ಇತ್ತು. ಹೊಸ ಆಡಳಿತವು ಈ ಪೀಡೆಗೆ ಕಡಿವಾಣ ಹಾಕಿ, ಗೊಬ್ಬರವನ್ನೂ ಸುಣ್ಣದ ಮಣ್ಣನ್ನೂ ಬೆರೆಸಿ ಮಡಿ ಹಾಕಿ ಪೆಟ್ಲುಪ್ಪನ್ನು ಬೆಳೆಸುವ ಉಪಾಯವನ್ನು ಜನರಿಗೆ ಕಲಿಸತೊಡಗಿತು.

ಆ ಮಣ್ಣಿನ ಮರ್ಮವನ್ನು ತಿಳಿಯಲು ಔರಾದಿನ ಕಪ್ಪುನೆಲದ ಯಾವುದಾದರೂ ಹಳ್ಳಿಯ ಹಳೆಯ ದನದ ಕೊಟ್ಟಿಗೆಯನ್ನು ಹೊಕ್ಕು ನೋಡಬಹುದು. ಗೋಡೆಯ ಬುಡದಲ್ಲಿ, ಗಂಜಳ ಹೀರಿದ ಮಣ್ಣು ಒಣಗಿದಲ್ಲಿ, ಬಿಳಿಯ ನವುರಾದ ಉಪ್ಪು ಅರಳಿ ನಿಂತಿರುತ್ತದೆ. ಗಂಜಳ ಗೊಬ್ಬರಗಳು ಕೊಳೆತಾಗ ಹುಟ್ಟುವ ಅಮೋನಿಯವು ನೆಲದೊಳಗಿನ ಸೂಕ್ಷ್ಮಜೀವಿಗಳ ಕ್ರಿಯೆಯಿಂದ ಗಾಳಿಯೊಡನೆ ಕೂಡಿ ನೈಟ್ರೇಟ್ ಲವಣವಾಗುತ್ತದೆ; ಆ ಜೀವಿಗಳ ಕೈವಾಡವನ್ನು 1877ರಲ್ಲಿ ತೋರಿಸಿಕೊಟ್ಟವರೂ ಫ್ರೆಂಚರೇ, ಷ್ಲೋಸಿಂಗ್ ಮತ್ತು ಮ್ಯುಂಟ್ಸ್. ಈ ಲವಣ ನೀರಿನಲ್ಲಿ ಸುಲಭವಾಗಿ ಕರಗುವುದರಿಂದ ಒಂದು ದೊಡ್ಡ ಮಳೆಗೆ ತೊಳೆದುಹೋಗುತ್ತದೆ. ಆದಕಾರಣ ಅದು ಸಿಕ್ಕುವುದು ಸೂರಿನ ಕೆಳಗೆ, ನೆರಳಿನಲ್ಲಿ, ಜನ ಜಾನುವಾರು ದೀರ್ಘಕಾಲ ವಾಸಿಸಿದ ಸ್ಥಳದಲ್ಲಿ.

ಈಗ ಬಿದರಿ ಕೆಲಸದ ಉಸ್ತಾದರ ಮಾತನ್ನು ನೆನೆಯಬೇಕು. ಪಾತ್ರೆಗೆ ಕಪ್ಪು ಬಣ್ಣ ಕೊಡುವ ಮಣ್ಣು ಕೋಟೆಯೊಳಗಿನ ಹಳೆಯ ಕಟ್ಟಡಗಳಿಂದ ಬರಬೇಕು, ಬಹು ವರ್ಷ ಬಿಸಿಲು ಮಳೆ ಕಾಣದ ಮಣ್ಣಾಗಿರಬೇಕು ಎಂದು ಅವರು ಹೇಳುವುದನ್ನು ಪ್ರವಾಸಿಗಳು ಕಟ್ಟುಕಥೆಯೆಂಬಂತೆ ಕೇಳಿ ಮುಗುಳ್ನಗುತ್ತಾರೆ. ಅದರಲ್ಲಿ ಕಟ್ಟುಕಥೆಯೇನೂ ಇಲ್ಲ; ಲವಾಸಿಯೆಯ ಇಲಾಖೆಯವರು ಬರೆದು ಹಂಚಿದ ಸೂಚನೆಗಳಿಗೂ ಉಸ್ತಾದರ ಮಾತಿಗೂ ತಳಹದಿಯಾದ ಅನುಭವ ಒಂದೇ. ಆ ಮಣ್ಣು ತಕ್ಕದ್ದು ಹೌದೋ ಅಲ್ಲವೋ ಎಂಬುದನ್ನು ಬೀದರಿನ ಉಸ್ತಾದನು ಒಂದು ಚಿಟಿಕೆ ನಾಲಗೆಯ ಮೇಲಿಟ್ಟು ತೀರ್ಮಾನಿಸುತ್ತಾನೆ. ಯುರೋಪಿನ ಪೆಟ್ಲುಪ್ಪಿನವರೂ ಶತಮಾನಗಳ ಕಾಲ ಮಣ್ಣನ್ನು ಪರೀಕ್ಷಿಸಿದ್ದು ನಾಲಗೆಯಿಂದಲೇ.

ಬಿದರಿಯ ಕಾರ್ಖಾನೆಯಲ್ಲಿ ಆ ಕೊನೆಯ ಕ್ರಿಯೆಯನ್ನು ಕಣ್ಣಾರೆ ಕಾಣದವರಿಗೆ ಅದರ ಸೊಗಸು ತಿಳಿಯುವುದಿಲ್ಲ. ಹದಿನಾರು ಪಾಲು ಸತುವಿಗೆ ಒಂದು ಪಾಲು ತಾಮ್ರ ಎಂಬ ಪ್ರಮಾಣದಲ್ಲಿ ಕರಗಿಸಿ, ಹರಳೆಣ್ಣೆ ರಾಳಗಳಲ್ಲಿ ಕಲಸಿದ ಮರಳಿನ ಅಚ್ಚಿನೊಳಗೆ ಎರೆದ ಹೂಜಿಯನ್ನು ಅರದಿಂದ ಉಜ್ಜಿ ನಯಗೊಳಿಸುತ್ತಾರೆ. ಮೈಲುತುತ್ತದ ನೀರನ್ನು ಬಳಿದು ತಾತ್ಕಾಲಿಕವಾಗಿ ಕಪ್ಪು ಮಾಡಿ, ಆ ಕಪ್ಪಿನ ಮೇಲೆ ಉಳಿಯ ಮೊನೆಯಿಂದ ಹೂಬಳ್ಳಿಗಳನ್ನು ಗೀರಿ, ಗೀರಿದ ತೋಡುಗಳಿಗೆ ಬೆಳ್ಳಿಯ ತಂತಿಯನ್ನೂ ತಗಡನ್ನೂ ಬಡಿದು ಕೂರಿಸುತ್ತಾರೆ. ಮತ್ತೊಮ್ಮೆ ಉಜ್ಜಿದಾಗ ಕಪ್ಪು ಹೋಗಿ ಇಡೀ ಹೂಜಿ ನಸುಬೂದಿಯ ಹೊಳಪು ತಾಳುವುದರಿಂದ ಬೆಳ್ಳಿ ಯಾವುದು, ಸತು ಯಾವುದು ಎಂದು ಗುರುತಿಸುವುದೇ ಕಷ್ಟ. ಆಗ ಹೂಜಿಯನ್ನು ಮೆಲ್ಲಗೆ ಬಿಸಿಮಾಡಿ, ಕೋಟೆಯ ಮಣ್ಣು ಮತ್ತು ನವಸಾಗರ ಸೇರಿಸಿ ಕುದಿಸಿದ ಕೆಸರುನೀರನ್ನು ಅದರ ಮೈಗೆ ಉಜ್ಜುತ್ತಾರೆ. ನೋಡನೋಡುತ್ತಿದ್ದಂತೆ ಸತುವೆಲ್ಲ ಕಾಡಿಗೆಗಪ್ಪಾಗಿ, ಬೆಳ್ಳಿಯ ಬಳ್ಳಿಗಳು ಕಿಂಚಿತ್ತೂ ಮಾಸದೆ ಎದ್ದು ಕಾಣುತ್ತವೆ. ತೊಳೆದು ಎಣ್ಣೆ ಸವರಿದರೆ ಕೆಲಸ ಮುಗಿಯಿತು. ಶುದ್ಧ ಸತು ಹೀಗೆ ಕಪ್ಪಾಗುವುದಿಲ್ಲ; ಆ ಹದಿನೇಳನೆಯ ಒಂದು ಪಾಲು ತಾಮ್ರವಿಲ್ಲದೆ ಮಣ್ಣು ಎಷ್ಟೇ ಉತ್ತಮವಾಗಿದ್ದರೂ ವ್ಯರ್ಥ. ಇದನ್ನು ಯಾರು, ಎಷ್ಟು ಹೂಜಿಗಳನ್ನು ಕೆಡಿಸಿ ಕಂಡುಕೊಂಡರೋ! ಇರಾನಿನಿಂದ ಬಂದ ಅಬ್ದುಲ್ಲಾ ಬಿನ್ ಕೈಸರನ ಹೆಸರನ್ನು ಪರಂಪರೆ ಹೇಳುತ್ತದೆ. 2023ರಲ್ಲಿ ಪದ್ಮಶ್ರೀ ಪಡೆದ ಶಾ ರಶೀದ್ ಅಹ್ಮದ್ ಖಾದ್ರಿಯವರ ಕೈಯಲ್ಲಿಯೂ ಕ್ರಮ ಬಹುಮಟ್ಟಿಗೆ ಅದೇ.

ಲೋಹ ಬಣ್ಣ ಕೆಡುವುದು, ಸುಟ್ಟು ಭಸ್ಮವಾಗುವುದು ಏಕೆಂಬ ಪ್ರಶ್ನೆಗೆ ಲವಾಸಿಯೆಯ ಕಾಲದ ಯುರೋಪು ಕೊಡುತ್ತಿದ್ದ ಉತ್ತರ ಫ್ಲೋಜಿಸ್ಟನ್ ಎಂಬ ದಹನತತ್ತ್ವ. ಉರಿಯುವ ವಸ್ತುವಿನಲ್ಲೆಲ್ಲ ಅದು ಅಡಗಿದ್ದು, ಉರಿದಾಗ ಹೊರಟುಹೋಗುತ್ತದೆ. ಭಸ್ಮವೆಂದರೆ ಆ ತತ್ತ್ವವನ್ನು ಕಳೆದುಕೊಂಡ ಲೋಹ. ಕೇಳುವುದಕ್ಕೆ ಸಮಂಜಸವಾಗಿಯೇ ಇದೆ. ಆದರೆ ಕಳೆದುಕೊಂಡದ್ದು ಹಗುರವಾಗಬೇಕಷ್ಟೆ? ಲೋಹದ ಭಸ್ಮ ಲೋಹಕ್ಕಿಂತ ಭಾರ. ಈ ಸಂಗತಿ ಅನೇಕರಿಗೆ ಗೊತ್ತಿತ್ತು. ಗೊತ್ತಿದ್ದೂ ಅದನ್ನು ದೊಡ್ಡದು ಮಾಡಿರಲಿಲ್ಲ. ಲೆಕ್ಕದ ಪುಸ್ತಕದಲ್ಲಿ ಹೊಂದದ ಸಾಲೊಂದನ್ನು ಕಂಡ ಗುಮಾಸ್ತನ ಹಾಗೆ ಲವಾಸಿಯೆಗೆ ಮಾತ್ರ ನಿದ್ರೆ ಬರಲಿಲ್ಲ. 1772ರಲ್ಲಿ ಗಂಧಕ, ರಂಜಕಗಳು ಉರಿದಾಗ ತೂಕ ಹೆಚ್ಚುವುದನ್ನು ಕಂಡು, ಬೇರೆಯವರು ತನಗಿಂತ ಮುಂದಾದಾರೆಂಬ ಶಂಕೆಯಿಂದ, ಅದನ್ನು ಬರೆದು ಮುದ್ರೆಯೊತ್ತಿ ಪರಿಷತ್ತಿನ ವಶಕ್ಕೆ ಕೊಟ್ಟನು.

ಆತನ ಪ್ರಖ್ಯಾತ ಪ್ರಯೋಗ ಪಾದರಸದ್ದು. ನಾಲ್ಕು ಔನ್ಸು ಪಾದರಸವನ್ನು ಉದ್ದ ಕತ್ತಿನ ಬುರುಡೆಯಲ್ಲಿ ಹಾಕಿ, ಕತ್ತನ್ನು ಬಾಗಿಸಿ ಗಾಜಿನ ಗಂಟೆಯೊಳಕ್ಕೆ ಬಿಟ್ಟು, ಒಟ್ಟು ಐವತ್ತು ಘನ ಅಂಗುಲ ಗಾಳಿಯನ್ನು ಸೆರೆಹಿಡಿದು, ಹನ್ನೆರಡು ದಿನ ಬಿಡದೆ ಕಾಯಿಸಿದನು. ಎರಡನೆಯ ದಿನ ಪಾದರಸದ ಮೇಲೆ ಕೆಂಪು ಕಣಗಳು ತೇಲಿದವು. ದಿನೇ ದಿನೇ ಹೆಚ್ಚಿ ಕೊನೆಗೆ ನಿಂತವು. ಆಗ ಅಳೆದರೆ ಗಾಳಿ ನಲವತ್ತೆರಡು, ನಲವತ್ತಮೂರು ಅಂಗುಲಕ್ಕೆ ಇಳಿದಿತ್ತು. ಉಳಿದ ಗಾಳಿಯಲ್ಲಿ ದೀಪ ಉರಿಯಲಿಲ್ಲ, ಪ್ರಾಣಿ ಬದುಕಲಿಲ್ಲ. ಕೆಂಪು ಪುಡಿಯನ್ನು ಕೂಡಿಸಿ ತೂಗಿದನು, 45 ಗ್ರೇನು. ಅದನ್ನೇ ಇನ್ನೂ ಜೋರಾಗಿ ಕಾಯಿಸಿದಾಗ 41½ ಗ್ರೇನು ಪಾದರಸ ಮರಳಿ ಬಂದಿತು, ಜೊತೆಗೆ ಏಳೆಂಟು ಅಂಗುಲ ವಾಯು. ಅಂದರೆ ಗಾಳಿಯಿಂದ ಮಾಯವಾದಷ್ಟೇ! ಆ ವಾಯುವಿನಲ್ಲಿ ಮೇಣದ ಬತ್ತಿ ಕಣ್ಣುಕೋರೈಸುವಂತೆ ಉರಿಯಿತು. ಹೋದದ್ದೂ ಬಂದದ್ದೂ ತಾಳೆಯಾಯಿತು. ಲೋಹ ಏನನ್ನೂ ಕಳೆದುಕೊಂಡಿರಲಿಲ್ಲ, ಗಾಳಿಯಿಂದ ಆಮ್ಲಜನಕವನ್ನು ಪಡೆದುಕೊಂಡಿತ್ತು. ನಮ್ಮ ರಸವೈದ್ಯರು ಸತುವನ್ನು ಪುಟವಿಟ್ಟು ಯಶದ ಭಸ್ಮ ಮಾಡಿದಾಗಲೂ ನಡೆಯುವುದು ಇದೇ. ಕ್ರಿಯೆಯನ್ನು ಅವರು ಬಲ್ಲವರಾಗಿದ್ದರು. ಕುಲುಮೆಯ ಸುತ್ತಲಿನ ಗಾಳಿಯನ್ನೂ ಲೆಕ್ಕಕ್ಕೆ ಹಿಡಿಯಬೇಕೆಂಬುದು ಅವರಿಗೂ ಹೊಳೆಯಲಿಲ್ಲ, ಬಿದರಿಯವರಿಗೂ ಹೊಳೆಯಲಿಲ್ಲ, ಯುರೋಪಿನ ಪಂಡಿತರಲ್ಲಿಯೂ ಬಹುತೇಕರಿಗೆ ಅಲ್ಲಿಯ ತನಕ ಹೊಳೆದಿರಲಿಲ್ಲ.

ಇಲ್ಲಿ ಒಂದು ಮಾತನ್ನು ಮುಚ್ಚಿಡಬಾರದು. ಆ ವಾಯುವನ್ನು ಮೊದಲು ಹಿಡಿದವನು ಲವಾಸಿಯೆಯಲ್ಲ. ಸ್ವೀಡನ್ನಿನ ಶೀಲೆಯು ಅದನ್ನು ಮೊದಲೇ ತಯಾರಿಸಿ 1774ರಲ್ಲಿ ಪತ್ರ ಬರೆದಿದ್ದನು. ಇಂಗ್ಲೆಂಡಿನ ಪ್ರೀಸ್ಟ್ಲಿಯು ಅದೇ ವರ್ಷ ಪ್ಯಾರಿಸ್ಸಿಗೆ ಬಂದು ಲವಾಸಿಯೆಯ ಮನೆಯ ಊಟದ ಮೇಜಿನಲ್ಲಿಯೇ ತನ್ನ ಶೋಧನೆಯನ್ನು ಬಾಯ್ತುಂಬ ಹೇಳಿದ್ದನು. ಅವರಿಬ್ಬರ ಋಣವನ್ನು ಒಪ್ಪಿಕೊಳ್ಳುವುದರಲ್ಲಿ ಈ ಲೆಕ್ಕಿಗನ ಪುಸ್ತಕ ಅಷ್ಟು ಚೊಕ್ಕಟವಾಗಿರಲಿಲ್ಲ. ಎಲ್ಲ ಆಮ್ಲಗಳಿಗೂ ಈ ವಾಯುವೇ ಮೂಲವೆಂದು ಸಾರಿದುದೂ ತಪ್ಪಾಯಿತು. ಆದರೂ ಕಂಡದ್ದಕ್ಕೆ ಅರ್ಥ ಕೊಟ್ಟವನು ಆತನೇ. ಪ್ರೀಸ್ಟ್ಲಿಯು ಕೊನೆಯುಸಿರಿನ ತನಕ ಫ್ಲೋಜಿಸ್ಟನ್ನನ್ನು ನಂಬಿಯೇ ಇದ್ದನು.

1789ರಲ್ಲಿ ಆತನ ರಸಾಯನಶಾಸ್ತ್ರ ಗ್ರಂಥ ಪ್ರಕಟವಾಯಿತು. ಮೂವತ್ತಮೂರು ಮೂಲವಸ್ತುಗಳ ಪಟ್ಟಿ ಅದರಲ್ಲಿದೆ. ನಮ್ಮ ಸತುವೂ ಇದೆ, ಬೆಳಕು ಮತ್ತು ಶಾಖಗಳೂ ಸೇರಿಕೊಂಡಿವೆ. ಕ್ರಿಯೆಗೆ ಮೊದಲು ಎಷ್ಟು ದ್ರವ್ಯವೋ ಕ್ರಿಯೆಯ ತರುವಾಯವೂ ಅಷ್ಟೇ ದ್ರವ್ಯವೆಂಬ ನಿಯಮವನ್ನು ಆತನು ಸ್ಪಷ್ಟವಾಗಿ ನಿರೂಪಿಸಿದ್ದು, ಯಾರೂ ನಿರೀಕ್ಷಿಸದ ಕಡೆ, ದ್ರಾಕ್ಷಿಯ ರಸ ಹುಳಿತು ಮದ್ಯವಾಗುವ ಅಧ್ಯಾಯದಲ್ಲಿ. ಭಾಲ್ಕಿಯ ಕಬ್ಬಿನ ಸೀಮೆಯವರು ಅದನ್ನು ಓದಿದರೆ ಸಕ್ಕರೆ ಎಷ್ಟು ಮದ್ಯಸಾರವಾಯಿತು, ಎಷ್ಟು ಅನಿಲವಾಗಿ ಹಾರಿತು ಎಂಬ ತಖ್ತೆಯನ್ನು ಕಂಡು, ಇದು ಅಬಕಾರಿ ಗುತ್ತೇದಾರನೇ ಬರೆದಂತಿದೆ ಎಂದು ನಕ್ಕಾರು.

ಆ ಗ್ರಂಥದ ಹದಿಮೂರು ಚಿತ್ರಫಲಕಗಳನ್ನು ಬರೆದವಳು ಆತನ ಹೆಂಡತಿ ಮರೀ ಆನ್. 1771ರಲ್ಲಿ ಮದುವೆಯಾದಾಗ ಅವಳ ವಯಸ್ಸು ಹದಿಮೂರು. ತಂದೆಯೂ ಅದೇ ಕಂದಾಯ ಮಂಡಲಿಯ ಪಾಲುದಾರ. ಗಂಡನಿಗೆ ಬಾರದ ಇಂಗ್ಲಿಷನ್ನು ಕಲಿತು, ಫ್ಲೋಜಿಸ್ಟನ್ ಪಕ್ಷದ ಕಿರ್ವನ್‌ನ ಗ್ರಂಥವನ್ನು ಭಾಷಾಂತರಿಸಿಕೊಟ್ಟು, ದಾವೀದ್ ಎಂಬ ಮಹಾಚಿತ್ರಕಾರನಲ್ಲಿ ಚಿತ್ರಕಲೆ ಅಭ್ಯಾಸ ಮಾಡಿ, ಪ್ರಯೋಗಶಾಲೆಯ ಒಂದು ಮೇಜಿನ ಬಳಿ ಕುಳಿತು ಅಂಕಿಗಳನ್ನು ಬರೆದುಕೊಳ್ಳುತ್ತಿದ್ದಳು. ಉಸಿರಾಟದ ಪ್ರಯೋಗವೊಂದನ್ನು ಚಿತ್ರಿಸುವಾಗ ಬರೆದುಕೊಳ್ಳುತ್ತಿರುವ ತನ್ನನ್ನೂ ಮೂಲೆಯಲ್ಲಿ ಸೇರಿಸಿದ್ದಾಳೆ. ಬೆಳಗ್ಗೆ ಆರರಿಂದ ಒಂಬತ್ತು, ರಾತ್ರಿ ಏಳರಿಂದ ಹತ್ತು ಗಂಟೆ ರಸಾಯನಕ್ಕೆ, ನಡುವಿನ ಹಗಲೆಲ್ಲ ಸುಂಕ ಮದ್ದುಗಳ ಕಚೇರಿಗೆ: ಇದು ಆ ಮನೆಯ ದಿನಚರಿ. 1788ರ ಅಕ್ಟೋಬರ್ 27ರಂದು ಎಸೋನ್ ಎಂಬಲ್ಲಿ ಹೊಸ ಬಗೆಯ ಮದ್ದನ್ನು ಪರೀಕ್ಷಿಸುವಾಗ ಸ್ಫೋಟವಾಗಿ ಇಬ್ಬರು ಸತ್ತರು. ಸ್ವಲ್ಪ ದೂರ ಸರಿದಿದ್ದುದರಿಂದ ಗಂಡಹೆಂಡಿರಿಬ್ಬರೂ ಬದುಕಿದರು.

ಮದ್ದಿನಿಂದ ಉಳಿದವನನ್ನು ಲೆಕ್ಕದ ಪುಸ್ತಕ ಉಳಿಸಲಿಲ್ಲ. ಕ್ರಾಂತಿಯ ಸರ್ಕಾರವು 1793ರ ನವೆಂಬರಿನಲ್ಲಿ ಕಂದಾಯ ಗುತ್ತಿಗೆಯವರನ್ನೆಲ್ಲ ಬಂಧಿಸಿತು. ಹೊಗೆಸೊಪ್ಪಿಗೆ ನೀರು ಬೆರೆಸಿ ತೂಕ ಹೆಚ್ಚಿಸಿದರೆಂಬುದು ಆರೋಪಗಳಲ್ಲಿ ಒಂದು. ಆಯುಷ್ಯವನ್ನೆಲ್ಲ ತೂಕದ ಸತ್ಯಕ್ಕೆ ಸವೆಸಿದವನ ಮೇಲೆ ಇಂಥ ಆರೋಪ ಬಂದುದು ವಿಲಕ್ಷಣ. 1794ರ ಮೇ 8ರಂದು ವಿಚಾರಣೆ, ಅದೇ ದಿನ ಶಿರಚ್ಛೇದ. ಇಪ್ಪತ್ತೆಂಟು ಮಂದಿಯಲ್ಲಿ ಮಾವನೂ ಇದ್ದನು, ಅಳಿಯನೂ ಇದ್ದನು. 1481ರ ಏಪ್ರಿಲಿನಲ್ಲಿ ಮಹಮೂದ್ ಗವಾನನಿಗೂ ಇದೇ ಗತಿಯಾದದ್ದು ಬೀದರಿನವರಿಗೆ ನೆನಪಾಗದಿರದು: ಮಂತ್ರಿಯ ಮುದ್ರೆಯಿದ್ದ ಖಾಲಿ ಕಾಗದದ ಮೇಲೆ ಶತ್ರುಗಳು ರಾಜದ್ರೋಹದ ಪತ್ರ ಬರೆದರು, ಸುಲ್ತಾನನು ವಿಚಾರಿಸದೆ ತಲೆ ತೆಗೆಸಿದನು, ಬಳಿಕ ಭಂಡಾರವನ್ನು ಪರಿಶೋಧಿಸಿದಾಗ ಸ್ವಂತದ ಸಂಪತ್ತೆಂಬುದು ಸಿಕ್ಕಲಿಲ್ಲ. ಈ ಹೋಲಿಕೆಯನ್ನು ಬಹುದೂರ ಎಳೆಯಲಾಗದು. ಗವಾನನ ಲೆಕ್ಕ ನಿರ್ಮಲವಾಗಿತ್ತು. ಲವಾಸಿಯೆಯ ಐಶ್ವರ್ಯವಾದರೋ ಬಡವರು ಉಪ್ಪಿಗೆ ತೆತ್ತ ಸುಂಕದಿಂದ ಬೆಳೆದದ್ದು, ಪ್ರಯೋಗಶಾಲೆಯ ಬಹುಮೂಲ್ಯ ತಕ್ಕಡಿಗಳೂ ಅದೇ ಹಣದಿಂದ ಬಂದವು. ಅವನ ಸಾವು ಅನ್ಯಾಯವೆಂದು ಹೇಳುವಾಗ ಜನರ ಕೋಪವೂ ನಿಷ್ಕಾರಣವಲ್ಲವೆಂದು ಸೇರಿಸಿ ಹೇಳಬೇಕು.

ಲವಾಸಿಯೆಯ ವಿದ್ಯೆ ನಮ್ಮ ಸೀಮೆಗೆ ಬಂದ ದಾರಿ ಸುತ್ತುಬಳಸಿನದು. ನಿಜಾಮರಾಜ್ಯದ ಶಾಲೆಗಳಲ್ಲಿ ಉರ್ದು ಬೋಧನಭಾಷೆ. 1918ರಲ್ಲಿ ಉಸ್ಮಾನಿಯಾ ವಿಶ್ವವಿದ್ಯಾಲಯ ಸ್ಥಾಪನೆಯಾದಾಗ ಅದರ ಭಾಷಾಂತರ ಕಚೇರಿಯವರು ರಸಾಯನಶಾಸ್ತ್ರವನ್ನೂ ಉರ್ದುವಿಗೆ ಇಳಿಸಿದರು. ಔರಾದ್ ಸೀಮೆಯ ಕಮಲನಗರದಲ್ಲಿ ಹುಟ್ಟಿ ಭಾಲ್ಕಿಯ ಹಿರೇಮಠದ ಅಧಿಪತಿಗಳಾದ ಚನ್ನಬಸವ ಪಟ್ಟದ್ದೇವರು ಹೊರಗೆ ಉರ್ದುವಿನ ಫಲಕ ತೂಗುಹಾಕಿ ಒಳಗೆ ಕನ್ನಡ ಪಾಠ ನಡೆಸಿದ ಕಾಲವದು. ಇಂದು ಭಾಲ್ಕಿಯಲ್ಲಿಯೂ ಔರಾದಿನಲ್ಲಿಯೂ ಒಂಬತ್ತನೆಯ ತರಗತಿಯ ಮಕ್ಕಳು ಲವಾಸಿಯೆಯ ಹೆಸರನ್ನು ಕನ್ನಡದಲ್ಲಿಯೇ ಓದುತ್ತಾರೆ. ದ್ರವ್ಯದ ತೂಕ ಬದಲಾಗದೆಂದು ತೋರಿಸಲು ಪಾಠದಲ್ಲಿ ಹೇಳಿರುವ ಪ್ರಯೋಗ ಸರಳವಾದದ್ದು: ಬುರುಡೆಯೊಳಗೆ ಒಂದು ದ್ರಾವಣ, ದಾರದಿಂದ ಇಳಿಬಿಟ್ಟ ಸಣ್ಣ ನಳಿಗೆಯಲ್ಲಿ ಇನ್ನೊಂದು, ಬಾಯಿಗೆ ಬಿರಡೆ; ತೂಗಿ, ಓರೆಮಾಡಿ ಎರಡನ್ನೂ ಬೆರೆಸಿ, ಮತ್ತೆ ತೂಗುವುದು. ಬೇಕಾದ ಸಾಮಗ್ರಿ ವಾಷಿಂಗ್ ಸೋಡಾ ಮತ್ತು ಮೈಲುತುತ್ತ. ಬೀದರಿನ ಉಪಾಧ್ಯಾಯರು ಆ ನೀಲಿ ಹರಳನ್ನು ಬಿದರಿ ಕಾರ್ಖಾನೆಯಿಂದಲೇ ತರಿಸಿ, ಮೊದಲು ಅದರ ನೀರನ್ನು ಒಂದು ತುಂಡು ಸತುವಿನ ಮೇಲೆ ಬಳಿದು ಕಪ್ಪಾಗುವುದನ್ನು ತೋರಿಸಿ, ಆಮೇಲೆ ತಕ್ಕಡಿಯನ್ನು ಹೊರತೆಗೆದರೆ ಪಾಠಕ್ಕೆ ಹೆಚ್ಚು ಹೊತ್ತೇನೂ ಹಿಡಿಯದು.